ಹಫೀತ್ ಗುಡ್ಡದ ಗೋರಿಯಲ್ಲಿ ಕೂತು ಚಕ್ಕುಲಿ ತಿಂದದ್ದು

ದುಬೈಗೆ ಹೋಗಿ ಬಂದವರೆಲ್ಲ ಎತ್ತರದ ಕಟ್ಟಡದ ಬಗ್ಗೆ ಬರೆಯುತ್ತಾರೆ. ಅದನ್ನು ನಾನೂ ನೋಡಿದೆ. ತುದಿ ಕಾಣಲಿ ಎಂದು ಕತ್ತು ಎತ್ತಿದೆ, ಕತ್ತು ಉಳುಕಿತು, ಅಳಿಯ ಮುಲಾಮು ತಂದುಕೊಟ್ಟ. ಅದರ ಬಗ್ಗೆ ನನ್ನಲ್ಲಿ ಇರುವುದು ಇಷ್ಟೇ.

ನಮ್ಮ ಪಡುಬಿದ್ರಿಯ ಮಹಿಳಾ ಮಂಡಲದವರು ವಾರ್ಷಿಕ ಪುಸ್ತಕಕ್ಕೆ ಬರೆದುಕೊಡಿ ಎಂದು ಬೆನ್ನು ಹತ್ತಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಆಮೇಲೆ ಐವತ್ತು ವರ್ಷ ಬೀಡಿ ಕಟ್ಟಿದೆ. ಅಚ್ಚಿನ ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದುತ್ತೇನೆ, ಕೈಬರಹ ಓದಲು ಬರುವುದಿಲ್ಲ. ಈ ನಾಲ್ಕು ಪುಟ ಬರೆಯಲು ಎರಡು ತಿಂಗಳು ಹಿಡಿಯಿತು. ಕಾಗುಣಿತ ತಿದ್ದಿದ್ದು ಮಂಡಲದ ಕಾರ್ಯದರ್ಶಿ. ವಿಷಯಕ್ಕೆ ಕೈ ಹಾಕಬೇಡ ಎಂದು ಅವಳಿಗೆ ಹೇಳಿದ್ದೇನೆ.

ಅಲ್ ಕುಸೈಸ್

ಮಗಳು ಶಕುಂತಲೆಯ ಎರಡನೇ ಬಾಣಂತನಕ್ಕೆಂದು ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಹೋದವಳು ನಾನು. ಅವರ ಮನೆ ಅಲ್ ಕುಸೈಸಿನಲ್ಲಿ, ನಾಲ್ಕನೇ ಮಾಳಿಗೆ. ಆ ಊರಿನಲ್ಲಿ ಬಾಣಂತನ ಮಾಡುವುದು ಸುಲಭವಲ್ಲ. ಹೋದ ಮೂರನೇ ದಿನ ಮಗುವಿಗೆ ಲೋಬಾನದ ಹೊಗೆ ಹಿಡಿದೆ, ತಲೆಯ ಮೇಲೆ ಮಾಡಿನಲ್ಲಿ ಅಂಟಿಸಿದ್ದ ಡಬ್ಬಿಯೊಂದು ಕಿರುಚತೊಡಗಿತು. ಕಟ್ಟಡದ ವಾಚ್‌ಮನ್ ಮೇಲೆ ಓಡಿಬಂದ. ಬಾಣಂತಿಯ ಕೋಣೆಗೆ ಗಂಡಸು ನುಗ್ಗಿದನೆಂದು ನಾನು ಗುಡಿಸುವ ಹಿಡಿಸೂಡಿ ಎತ್ತಿಕೊಂಡೆ. ಅವನು ಮಲಯಾಳದಲ್ಲಿ, ನಾನು ತುಳುವಿನಲ್ಲಿ ಸಾಕಷ್ಟು ಹೊತ್ತು ಮಾತಾಡಿದೆವು. ಆಮೇಲೆ ಹೊಗೆ ಬಂದ್ ಆಯಿತು.

ಮೊಮ್ಮಗಳು ಧನ್ಯಾಳಿಗೆ ಒಂಬತ್ತು ವರ್ಷ. ನಾನು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆಗ ಅಲ್ಲಿ ಶುಕ್ರವಾರ ರಜೆ. ಆ ದಿನ ಬೆಳಿಗ್ಗೆ ದೊಡ್ಡ ರಸ್ತೆಯ ಆಚೆಯ ಕಟ್ಟಡದ ಹಾಲ್‌ನಲ್ಲಿ ಕನ್ನಡ ಕ್ಲಾಸು, ನಮ್ಮ ಕಡೆಯ ಹದಿನಾಲ್ಕು ಮಕ್ಕಳಿಗೆ. ಕಲಿಸುವವರು ಮೈಮೂನ ಟೀಚರ್, ಬ್ಯಾರಿ ಮುಸಲ್ಮಾನರು, ಊರು ಉಚ್ಚಿಲ. ಪಡುಬಿದ್ರಿಯಿಂದ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಅವರ ತಾಯಿಯೂ ಬೀಡಿ ಕಟ್ಟಿದವರೇ. ಮೊದಲ ದಿನವೇ ನನ್ನ ಬೆರಳು ನೋಡಿ, "ಲೀಲಕ್ಕ, ನೀವು ಯಾವ ಬ್ರಾಂಚಿಗೆ ಬೀಡಿ ಕೊಡ್ತಿದ್ದದ್ದು?" ಎಂದು ಕೇಳಿದ್ದರು. ಪರದೇಶದಲ್ಲಿ ಅಂಥ ಪ್ರಶ್ನೆ ಕೇಳಿ ನನಗೆ ಖುಷಿಯಾಗಿತ್ತು.

ಎಪ್ರಿಲ್ ತಿಂಗಳಲ್ಲಿ ಟೀಚರ್ ಮಕ್ಕಳನ್ನು ಅಬುಧಾಬಿ ಸೀಮೆಯ ಅಲ್ ಐನ್ ಎಂಬ ಕಡೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದರು. ಪುಸ್ತಕದಲ್ಲಿ ಹಂಪಿಯ ಪಾಠ ಬಂದಿತ್ತಂತೆ. ಈ ಮಕ್ಕಳು ಹುಟ್ಟಿದ ನೆಲದಲ್ಲೂ ಐದು ಸಾವಿರ ವರ್ಷದ ಹಳೆಯ ಕಟ್ಟೋಣಗಳಿವೆ, ಅದನ್ನು ನೋಡಿ ಬಂದು ಕನ್ನಡದಲ್ಲಿ ಒಂದು ಪುಟ ಬರೆಯಲಿ ಎಂದು ಅವರ ಆಸೆ. ಜೊತೆಗೆ ಬರಬೇಕಿದ್ದ ತಾಯಿಯೊಬ್ಬಳಿಗೆ ಜ್ವರ ಬಂತು. ಇನ್ನೊಬ್ಬರು ದೊಡ್ಡವರು ಇಲ್ಲದೆ ಬಸ್ಸು ಹೊರಡುವುದಿಲ್ಲ ಎಂದರು. ಧನ್ಯಾ ನನ್ನ ಸೀರೆ ಎಳೆದಳು. ಶನಿವಾರ ಒಂದು ದಿನ ತಾನೇ, ಹೋಗು ಎಂದಳು ಮಗಳು.

ಟೀಚರ್ ಎಲ್ಲ ಮನೆಗೂ ಒಂದೊಂದು ಕಾಗದ ಕಳಿಸಿದ್ದರು. ಕನ್ನಡ ಕ್ಲಾಸಿನ ಕಾಗದ ಕನ್ನಡದಲ್ಲೇ ಇರಲಿ ಎಂದು ಕೈಯಲ್ಲಿ ಬರೆದು ನಕಲು ತೆಗೆಸಿದ್ದು. ಅಳಿಯ ಹರೀಶ ಅದನ್ನು ನನ್ನ ಮುಂದೆ ಇಟ್ಟ. ಹೋಗುವವರು ನೀವು, ಓದಿ ಸಹಿ ಹಾಕಿಬಿಡಿ ಅತ್ತೆ ಎಂದ. ನನಗೆ ಓದಲು ಬರುವುದಿಲ್ಲವೆಂದು ಅವನಿಗೆ ತಿಳಿದಿರಲಿಲ್ಲ. ಮದುವೆಯ ಮಾತುಕತೆಯಲ್ಲಿ, ನಮ್ಮಮ್ಮ ದಿನಾ ಪೇಪರ್ ಓದುತ್ತಾರೆ ಎಂದು ಮಗಳು ಹೇಳಿದ್ದಳು, ನಾನೂ ಅದನ್ನು ಹಾಗೇ ಉಳಿಸಿಕೊಂಡು ಬಂದಿದ್ದೆ. ಕನ್ನಡಕ ಹಾಕಿಕೊಂಡೆ. ಕಾಗದದ ಮೇಲೆ ಎಡದಿಂದ ಬಲಕ್ಕೆ ಕಣ್ಣು ಓಡಿಸಿದೆ. ಓದುವಷ್ಟು ಹೊತ್ತು ಸುಮ್ಮನಿದ್ದು, ಲೀಲಾವತಿ ಎಂದು ಸಹಿ ಹಾಕಿದೆ. ಕಾಗದ ಟೀಚರ್ ಕೈಗೆ ವಾಪಸು ಹೋಯಿತು.

ಬಸ್ಸಿನಲ್ಲಿ

ಶನಿವಾರ ಬೆಳಿಗ್ಗೆ ಹೊರಟೆವು. ಡ್ರೈವರ್ ಪಠಾಣ, ದೊಡ್ಡ ಗಡ್ಡ, ಸಣ್ಣ ಧ್ವನಿ. ಮಕ್ಕಳು ಹತ್ತಿ ಮುಗಿಯುವ ಮೊದಲೇ "ಯಲ್ಲಾ ಯಲ್ಲಾ" ಎಂದು ಅವಸರ ಮಾಡುತ್ತಿದ್ದ. ಬಸ್ಸಿನ ಒಳಗೆ ನಮ್ಮ ಮಲ್ಪೆಯ ಐಸ್ ಫ್ಯಾಕ್ಟರಿಯಷ್ಟು ಚಳಿ. ನಾನು ತಲೆಗೆ ಸೆರಗು ಸುತ್ತಿಕೊಂಡೆ. ಮುಹೈಸ್ನಾ ದಾಟುವಾಗ ಕೆಲಸಗಾರರ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು, ಕಿಟಕಿ ತೆರೆದಿತ್ತು, ಒಳಗಿನವರೆಲ್ಲ ಬಾಯಿ ತೆರೆದು ನಿದ್ದೆ. ನಮ್ಮ ಮಕ್ಕಳಲ್ಲಿ ಒಬ್ಬರೂ ಅತ್ತ ನೋಡಲಿಲ್ಲ. ದಿನಾ ನೋಡುವುದನ್ನು ಯಾರು ನೋಡುತ್ತಾರೆ.

ದಾರಿಯುದ್ದಕ್ಕೂ ಮರಳು. ನಮ್ಮ ಕಡಲಿನ ಮರಳು ಒದ್ದೆ, ಕಾಲಿಗೆ ಹತ್ತುತ್ತದೆ, ಅದರಲ್ಲಿ ಏಡಿ ಉಂಟು, ಬಲೆ ಒಣಗುತ್ತದೆ. ಇಲ್ಲಿಯದ್ದು ಕೆಂಪು, ಅದರಲ್ಲಿ ಕೆಲಸ ಮಾಡುವವರು ಯಾರೂ ಕಾಣಲಿಲ್ಲ. ಟೀಚರ್ ಮಕ್ಕಳಿಗೆ ಕನ್ನಡದಲ್ಲಿ ಒಂಟೆ ಎಣಿಸಲು ಹೇಳಿದರು. ಹದಿನೇಳಕ್ಕೆ ಬಂದಾಗ ಎಲ್ಲರೂ ಇಂಗ್ಲಿಷಿಗೆ ಹಾರಿದರು.

ನನ್ನ ಚೀಲದಲ್ಲಿ ಒಂದು ಡಬ್ಬಿ ಚಕ್ಕುಲಿ ಇತ್ತು, ನಾನೇ ಕರಿದದ್ದು. ಬಸ್ಸಿನಲ್ಲಿ ತಿನ್ನಬಾರದೆಂದು ಪಠಾಣ ಕೈಸನ್ನೆ ಮಾಡಿದ. ಮಕ್ಕಳು ಡಬ್ಬಿಯನ್ನೇ ನೋಡುತ್ತಿದ್ದರು. ಇಳಿದ ಮೇಲೆ ಕೊಡುತ್ತೇನೆ ಎಂದೆ.

ಗುಡ್ಡದ ಬುಡ

ಅಲ್ ಐನ್‌ನ ಹತ್ತಿರ ಹಫೀತ್ ಎಂಬ ಗುಡ್ಡ ಉಂಟು. ಹುಲ್ಲಿಲ್ಲ, ಪೊದೆಯಿಲ್ಲ, ಬರೀ ಕಲ್ಲು. ಡಾಮರು ಮುಗಿದಲ್ಲಿ ಬಸ್ಸು ನಿಂತಿತು. ಅಲ್ಲಿಂದ ಮುಂದೆ ಜಲ್ಲಿಯ ಮೇಲೆ ಅರ್ಧ ಗಂಟೆ ನಡೆಯಬೇಕು. ಎಲ್ಲರ ಕೈಗೂ ಟೀಚರ್ ಒಂದೊಂದು ನೀರಿನ ಬಾಟಲಿ ಕೊಟ್ಟರು. ಇದು ಹೋಗಿ ಬರುವವರೆಗಿನ ನೀರು, ಸ್ವಲ್ಪ ಸ್ವಲ್ಪ ಕುಡಿಯಿರಿ ಎಂದು ಎರಡು ಸಲ ಹೇಳಿದರು.

ಗುಡ್ಡದ ಬುಡದಲ್ಲಿ ಕಲ್ಲು ಪೇರಿಸಿದ ಗುಂಡು ಗುಂಡಾದ ಗೂಡುಗಳು. ಆಳೆತ್ತರ, ಮೇಲೆ ಕುಂಬಳಕಾಯಿಯ ಹಾಗೆ ದುಂಡಗೆ, ಕೆಳಗೆ ಬಗ್ಗಿ ನುಗ್ಗುವಷ್ಟು ಬಾಗಿಲು. ಮಕ್ಕಳು ಚೆಲ್ಲಾಪಿಲ್ಲಿ ಓಡಿದರು. ಟೀಚರ್ ಹಿಂದೆ ಉಳಿದಿದ್ದರು. ತನ್ವಿ ಎಂಬ ಸಣ್ಣ ಹುಡುಗಿಯ ಚಪ್ಪಲಿಯ ಬಾರು ಕಿತ್ತಿತ್ತು, ಅದನ್ನು ದಾರದಲ್ಲಿ ಕಟ್ಟುತ್ತ ಕೂತಿದ್ದರು. ಒಳಗೆ ಹೋಗಬೇಡಿ, ನಾನು ಬರುವವರೆಗೆ ನಿಲ್ಲಿ ಎಂದು ಅಲ್ಲಿಂದಲೇ ಕೂಗಿದರು. ನನಗೆ ಕೇಳಿಸಿತು. ಅದು ಮಕ್ಕಳಿಗೆ ಹೇಳಿದ್ದು ಎಂದುಕೊಂಡೆ.

ಬಿಸಿಲಿಗೆ ನನ್ನ ನೆತ್ತಿ ಕಾಯ್ದಿತ್ತು. ಒಂದು ಗೂಡಿನ ಬಾಗಿಲಲ್ಲಿ ಬಗ್ಗಿ ನೋಡಿದೆ. ತಂಪಾಗಿತ್ತು. ಮಂಡಿಯೂರಿ ನುಗ್ಗಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಧನ್ಯಾ ಬಾಗಿಲಲ್ಲಿ ಮುಖ ಹಾಕಿ ಇದು ಏನು ಅಜ್ಜಿ ಎಂದು ಕೇಳಿದಳು. ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದು ಆಡು ಮೇಯಿಸುವವರ ಮನೆ, ಬಿಸಿಲು ಏರಿದಾಗ ಕೂತು ಉಣ್ಣಲಿಕ್ಕೆ ಮಾಡಿದ್ದು, ಹಿಂದಿನವರ ಬುದ್ಧಿ ನೋಡು ಎಂದೆ. ಬನ್ನಿ ಎಂದು ಕರೆದೆ. ಅವಳು ಬಂದಳು, ಅವಳ ಹಿಂದೆ ಇನ್ನೂ ಮೂವರು ಬಂದರು. ಡಬ್ಬಿ ಬಿಚ್ಚಿ ಎಲ್ಲರಿಗೂ ಚಕ್ಕುಲಿ ಹಂಚಿದೆ. ನಾನೂ ಎರಡು ತಿಂದೆ. ಕಾಲು ಚಾಚಿ ತಿಂದೆ.

ಅಷ್ಟರಲ್ಲಿ ಟೀಚರ್ ಬಂದರು. ಬಾಗಿಲ ಹೊರಗೇ ನಿಂತರು. ತಲೆಯ ಬಟ್ಟೆ ಸರಿ ಮಾಡಿಕೊಂಡು ಬಾಯೊಳಗೆ ಏನೋ ಹೇಳಿಕೊಂಡರು. ಆಮೇಲೆ ಮೆಲ್ಲಗೆ, "ಲೀಲಕ್ಕ, ಮಕ್ಕಳನ್ನು ಹೊರಗೆ ಕಳಿಸಿ. ಇದು ಗೋರಿ ಅಲ್ವಾ. ಸತ್ತವರನ್ನು ಇಟ್ಟ ಜಾಗ" ಎಂದರು.

ಆಮೇಲೆ ಹೊರಗಿದ್ದ ಮಕ್ಕಳು ನಗತೊಡಗಿದರು. ಅಜ್ಜಿ ಗೋರಿಯಲ್ಲಿ ಪಿಕ್‌ನಿಕ್ ಮಾಡಿದರು ಎಂದು ಒಬ್ಬಳು ಹೇಳಿದಳು, ಅದೂ ಒಳ್ಳೆಯ ಕನ್ನಡದಲ್ಲಿ. ಧನ್ಯಾ ಕೂಡ ನಕ್ಕಳು. ನಾನು ಮಂಡಿಯ ಮೇಲೆ ತೆವಳಿಕೊಂಡು ಹಿಮ್ಮುಖವಾಗಿ ಹೊರಗೆ ಬರಬೇಕಾಯಿತು, ಸೀರೆ ಕಲ್ಲಿಗೆ ಸಿಕ್ಕಿತು. ಅದಕ್ಕೂ ನಕ್ಕರು.

ಮನೆಯಲ್ಲಿ ಇಪ್ಪತ್ತಮೂರು ದಿನದ ಮಗು, ಬಾಣಂತಿ. ಸತ್ತವರ ಜಾಗಕ್ಕೆ ಹೋದವರು ಮಿಂದೇ ಒಳಗೆ ಬರಬೇಕು, ಅಂಥದ್ದರಲ್ಲಿ ನಾನು ಒಳಗೇ ಕೂತು ತಿಂದಿದ್ದೆ. ಅದರ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮೈಲಿಗೆಯಿಂದ ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಸಿಟ್ಟು ಬಂದದ್ದು ಆ ನಗೆಗೆ. ಮಕ್ಕಳಿಗೆ ಬೈಯುವ ಹಾಗಿರಲಿಲ್ಲ. ಟೀಚರ್ ಕಡೆ ತಿರುಗಿದೆ.

"ಹೆಣದ ಗುಂಡಿಯಲ್ಲಿ ಕೂತು ತಿನ್ನುವುದು ನಿಮ್ಮ ಜಾತಿಯವರಿಗೆ ನಡೀಬಹುದು. ನಮ್ಮ ಮಕ್ಕಳನ್ನು ಯಾಕೆ ಕೆಡಿಸ್ಲಿಕ್ಕೆ ತಂದದ್ದು ನೀವು?" ಎಂದೆ.

ತಿಂದವಳು ನಾನು. ಕರೆದವಳು ನಾನು. ಅವರು ಬಾಗಿಲು ದಾಟಿರಲಿಲ್ಲ, ಸತ್ತವರಿಗೆ ಮರ್ಯಾದೆ ಕೊಟ್ಟು ಹೊರಗೆ ನಿಂತವರು ಅವರೊಬ್ಬರೇ. ಅದೆಲ್ಲ ಆ ಹೊತ್ತಿಗೇ ನನಗೆ ಗೊತ್ತಿತ್ತು. ಆದರೂ ಹೇಳಿದೆ. ಮಕ್ಕಳ ನಗೆ ನಿಂತಿತು. ಅದೇ ನನಗೆ ಬೇಕಾದದ್ದು.

ಅಷ್ಟಕ್ಕೆ ಬಿಡಲಿಲ್ಲ. ಬನ್ನಿ, ಮೈಲಿಗೆ ತೆಗೆಯುತ್ತೇನೆ ಎಂದು ಮಕ್ಕಳ ಕೈಯಿಂದ ಬಾಟಲಿ ಕಿತ್ತು ಅವರವರ ತಲೆಗೆ ಸುರಿದೆ. ಮಕ್ಕಳಿಗೆ ಅದು ಆಟ, ಅವರೇ ಸಾಲು ನಿಂತರು. ಬೇಡ ಅಕ್ಕ, ನಡೆಯಲಿಕ್ಕುಂಟು, ನೀರು ಬೇಕು ಎಂದು ಟೀಚರ್ ಅಡ್ಡ ಬಂದರು. ನಿಮಗೆ ಇದು ಅರ್ಥ ಆಗುವುದಿಲ್ಲ ಎಂದೆ. ನನ್ನ ತಲೆಗೆ ಧನ್ಯಾಳ ಬಾಟಲಿ ಸುರಿದುಕೊಂಡೆ.

ಬಸ್ಸಿಗೆ ವಾಪಸು

ಮಧ್ಯಾಹ್ನದ ಬಿಸಿಲು. ತಲೆಗೆ ಸುರಿದ ನೀರು ಹತ್ತು ಹೆಜ್ಜೆಗೆ ಒಣಗಿತು. ಸ್ವಲ್ಪ ಹೊತ್ತಿನಲ್ಲಿ ಒಬ್ಬೊಬ್ಬರೇ ನೀರು ಕೇಳತೊಡಗಿದರು. ಮಕ್ಕಳ ಬಾಟಲಿಯೆಲ್ಲ ಖಾಲಿ. ಟೀಚರ್ ತಮ್ಮ ಬಾಟಲಿಯನ್ನು ಸಣ್ಣ ಮಕ್ಕಳಿಗೆ ಕೊಟ್ಟರು. ಅರ್ಧ ದಾರಿಯಲ್ಲಿ ತನ್ವಿ ವಾಂತಿ ಮಾಡಿ ಕೂತುಬಿಟ್ಟಳು. ಮುಖ ಕೆಂಡದ ಹಾಗೆ ಕೆಂಪಗಿತ್ತು, ಬೆವರೇ ಇರಲಿಲ್ಲ. ಟೀಚರ್ ಅವಳನ್ನು ಬೆನ್ನ ಮೇಲೆ ಹೊತ್ತರು.

ಆಗ ನನಗೆ ನೆನಪಾಯಿತು. ನನ್ನ ಬಾಟಲಿ ನನ್ನ ಚೀಲದಲ್ಲೇ ಇತ್ತು, ಮುಚ್ಚಳ ತೆಗೆದಿರಲಿಲ್ಲ. ತೆಗೆದು ಕೊಟ್ಟೆ. ಟೀಚರ್ ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ. ತನ್ವಿಯ ತುಟಿಗೆ, ಕತ್ತಿಗೆ ಹಚ್ಚಿದರು, ಉಳಿದ ಮಕ್ಕಳಿಗೆ ಒಂದೊಂದು ಗುಟುಕು ಹಂಚಿದರು. ತಾವು ಕುಡಿಯಲಿಲ್ಲ.

ನಮ್ಮನ್ನು ಕಂಡು ಪಠಾಣ ಎದುರು ಓಡಿಬಂದು ಮಗುವನ್ನು ಎತ್ತಿಕೊಂಡ. ನೀರು ಕೊಟ್ಟಿರಲಿಲ್ಲವಾ ಎಂದು ಹಿಂದಿಯಲ್ಲಿ ಟೀಚರ್‌ಗೆ ಜೋರು ಮಾಡಿದ. ಬಿಸಿಲು ಜಾಸ್ತಿಯಾಯಿತು ಭಾಯಿ ಎಂದರು ಅವರು. ಬಸ್ಸಿನ ಚಳಿಯಲ್ಲಿ ತನ್ವಿ ಬೇಗ ಚೇತರಿಸಿಕೊಂಡಳು. ಅಲ್ ಐನ್‌ನಲ್ಲಿ ಕ್ಲಿನಿಕ್ಕಿಗೂ ತೋರಿಸಿದರು, ಹೆದರುವಂಥದ್ದು ಇಲ್ಲ ಎಂದರು. ಬರುವ ದಾರಿಯಲ್ಲಿ ಒಂಟೆ ಎಣಿಸಿ ಎಂದು ಯಾರೂ ಹೇಳಲಿಲ್ಲ.

ವಾರವಿಡೀ ಮನೆಯಲ್ಲಿ

ಮಿಂದು, ಧನ್ಯಾಳನ್ನು ಮೀಯಿಸಿ, ಒಳಗೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಹದಿನಾಲ್ಕು ಮನೆಗಳಲ್ಲಿ ಹದಿನಾಲ್ಕು ಮಕ್ಕಳು ಹೇಳಿಯಾಗಿತ್ತು. ತಂದೆತಾಯಿಗಳ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿತ್ತು, ಮಕ್ಕಳು ಅಜ್ಜಿ ಎಂದದ್ದೆಲ್ಲ ಅಲ್ಲಿ ಟೀಚರ್ ಎಂದಾಗಿತ್ತು. ಮಕ್ಕಳನ್ನು ಗೋರಿಯೊಳಗೆ ಕೂರಿಸಿದರಂತೆ, ನೀರು ಕೊಡಲಿಲ್ಲವಂತೆ, ಎಲ್ಲಿಗೆ ಎಂದು ಮೊದಲು ಹೇಳಲೇ ಇಲ್ಲವಂತೆ. ಹರೀಶ ಒಂದೊಂದನ್ನೇ ಓದಿ ಹೇಳಿದ. "ಅತ್ತೆ, ನೀವು ಇದ್ದದ್ದಕ್ಕೆ ಆಯ್ತು, ಮುಖದ ಮೇಲೆ ಹೇಳಿದ್ರಿ" ಎಂದ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಹೊಗಳಿದ್ದು ಅದೇ ಮೊದಲು.

ಮಗುವಿಗೆ ಹಾಲು ಕೊಡುತ್ತಿದ್ದ ಮಗಳು ತಲೆ ಎತ್ತದೆ ಕೇಳಿದಳು, "ಅಮ್ಮ, ಕಾಗದದಲ್ಲಿ ಎಂತ ಬರೆದಿತ್ತು? ನೀನು ಓದಿದ್ದಿಯಲ್ಲ?"

ಅವಳಿಗೆ ನನ್ನ ಓದು ಎಷ್ಟೆಂದು ಗೊತ್ತಿತ್ತು. ಗಂಡನ ಎದುರು ನನ್ನನ್ನು ಉಳಿಸಲೋ ಸಿಕ್ಕಿಸಲೋ ಕೇಳಿದಳು, ಈಗಲೂ ನನಗೆ ತಿಳಿಯದು. ಓದಿದ್ದೆ, ಗೋರಿ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ ಎಂದೆ.

ಹರೀಶ ಅದನ್ನು ಆ ಗಳಿಗೆಯಲ್ಲೇ ಗುಂಪಿಗೆ ಹಾಕಿದ. ನಮ್ಮ ಅತ್ತೆ ಕಾಗದ ಪೂರ್ತಿ ಓದಿದ್ದಾರೆ, ಅದರಲ್ಲಿ ಗೋರಿಯ ಮಾತೇ ಇರಲಿಲ್ಲ ಎಂದು. ಅಲ್ಲಿಗೆ ಮೈಮೂನ ಟೀಚರ್ ಮುಚ್ಚಿಟ್ಟವರು, ಸುಳ್ಳಿ ಎಂದಾಯಿತು. ಶುಕ್ರವಾರ ಕ್ಲಾಸಿಗೆ ಮೊದಲು ಎಲ್ಲರೂ ಸೇರಿ ಅವರನ್ನು ಮುಂದುವರಿಸುವುದೋ ಬೇಡವೋ ತೀರ್ಮಾನಿಸುವುದು ಎಂದರು.

ಆ ವಾರ ಧನ್ಯಾ ನನ್ನ ಪಕ್ಕ ಮಲಗಲಿಲ್ಲ. ತಲೆ ಬಾಚಲು ಕರೆದರೆ ಬರಲಿಲ್ಲ. ಒಳಗೆ ಕರೆದದ್ದು ನೀನೇ ಅಜ್ಜಿ ಎಂದು ಒಂದು ಸಲ ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ. ತಿಳಿಯದವಳ ಹಾಗೆ ಬಟ್ಟೆ ಮಡಚಿದೆ.

ಶುಕ್ರವಾರ

ಹಾಲ್‌ನಲ್ಲಿ ತಂದೆತಾಯಿಗಳು ಮಕ್ಕಳ ಕುರ್ಚಿಗಳಲ್ಲಿ ಕೂತಿದ್ದರು. ಮಕ್ಕಳನ್ನು ಹೊರಗೆ ಆಡಲು ಕಳಿಸಿದ್ದರು. ತನ್ವಿಯ ಅಪ್ಪ ಮಾತಿಗೆ ಸುರು ಮಾಡಿದ. ಸಿಟ್ಟು ಮಾಡಲು ಅವನಿಗೆ ಹಕ್ಕಿತ್ತು. ಟೀಚರ್ ನೀರಿನ ವಿಷಯ ಪೂರ್ತಿ ತಮ್ಮ ಮೇಲೆ ಹಾಕಿಕೊಂಡರು. ಜವಾಬ್ದಾರಿ ನನ್ನದು, ತಪ್ಪಾಯಿತು ಎಂದರು. ಆಮೇಲೆ ಅವನು ಕಾಗದದ ವಿಷಯ ತೆಗೆದ. ಗೋರಿ ಎಂದು ಬರೆದಿದ್ದರೆ ಈ ಅಮ್ಮನಿಗೆ ಕಾಣುತ್ತಿರಲಿಲ್ಲವಾ ಎಂದು ನನ್ನ ಕಡೆ ಕೈ ತೋರಿಸಿದ.

ಟೀಚರ್ ನನ್ನ ಕಡೆ ನೋಡಿದರು. ಅವರ ತಾಯಿಯೂ ಬೀಡಿ ಬ್ರಾಂಚಿನಲ್ಲಿ ಹೆಬ್ಬೆಟ್ಟು ಒತ್ತಿದವರು. ಕನ್ನಡಕ ಹಾಕಿ ಓದಿದ ಹಾಗೆ ಮಾಡುವವರು ಹೇಗಿರುತ್ತಾರೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು.

"ಅವರು ಓದಿರಬಹುದು. ನನ್ನ ಕೈಬರಹವೇ ಸರಿ ಇಲ್ಲದೆ ಇದ್ದಿರಬಹುದು" ಎಂದರು.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈದವರ ಎದುರು ನನಗೆ ಬಾಯಿ ಬರುತ್ತದೆ. ಇವರು ಬೈಯಲಿಲ್ಲ. ಎದ್ದು ನಿಂತೆ.

"ಅವರು ಬರೆದೇ ಇರ್ತಾರೆ. ನನಗೆ ಓದ್ಲಿಕ್ಕೆ ಬರುವುದಿಲ್ಲ. ಓದದೆ ಸಹಿ ಹಾಕಿದೆ. ಮಕ್ಕಳನ್ನು ಒಳಗೆ ಕರೆದದ್ದು ನಾನು, ನೀರು ಸುರಿದದ್ದೂ ನಾನು" ಎಂದೆ.

ಹರೀಶ ಫೋನು ನೋಡತೊಡಗಿದ. ಬೇರೆಯವರೂ ಅತ್ತಿತ್ತ ನೋಡಿದರು. ಒಬ್ಬಳು ತಾಯಿ ಪಕ್ಕದವಳಿಗೆ ಮೆಲ್ಲಗೆ, ನಿಜ ಹೇಳುವುದಾದರೆ ನಾವೂ ಓದಿರಲಿಲ್ಲ ಎಂದಳು. ಸುಮ್ಮನೆ ಸಹಿ ಹಾಕಿ ಕಳಿಸಿದವರು ಅಲ್ಲಿ ಬಹಳ ಮಂದಿ ಇದ್ದರು. ಮಾತು ಅಲ್ಲಿಗೆ ತಣ್ಣಗಾಯಿತು. ಟೀಚರ್ ಮುಂದುವರಿಯಲಿ ಎಂದರು. ತನ್ವಿಯ ಅಪ್ಪ ಒಪ್ಪಲಿಲ್ಲ, ಎದ್ದು ಹೋದ. ಅವನ ಹಿಂದೆ ಇನ್ನೂ ನಾಲ್ಕು ಮನೆಯವರು ಹೋದರು. ಒಂಬತ್ತು ಮಕ್ಕಳು ಉಳಿದರು.

ಎಲ್ಲರೂ ಹೊರಗೆ ಹೋದ ಮೇಲೆ ನಾನು ಟೀಚರ್ ಹತ್ತಿರ ಹೋದೆ. ಎಷ್ಟು ದೊಡ್ಡ ಕೆಲಸ ಮಾಡಿದೆ ಎಂದು ಮನಸ್ಸಿನಲ್ಲಿತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅಳಿಯನ ಎದುರು ಹೇಳಿದ್ದೆ. ಅವರು ಏನಾದರೂ ಸಮಾಧಾನದ ಮಾತು ಹೇಳಿಯಾರು ಎಂದು ನಿಂತೆ. ಎಲ್ಲರ ಸಹಿಯ ಕಾಗದ ನಿಮ್ಮಲ್ಲಿ ಇತ್ತಲ್ಲ, ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ತೋರಿಸಿ ಎಂತ ಮಾಡಲಿ, ಅವರದೇ ಮಕ್ಕಳಿಗೆ ನಾನು ಪಾಠ ಹೇಳಬೇಕಲ್ಲ ಎಂದರು. ಕುರ್ಚಿ ಸಾಲು ಮಾಡುತ್ತಿದ್ದವರು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಓದ್ಲಿಕ್ಕೆ ಬಾರದ್ದು ನಾಚಿಕೆಯ ವಿಷಯ ಅಲ್ಲ ಲೀಲಕ್ಕ. ಅದನ್ನು ಇಷ್ಟು ಜನರ ಎದುರು ಹೇಳಿದ್ರಿ. ಆ ದಿನ ಮಕ್ಕಳ ಎದುರು ನನ್ನ ಜಾತಿಗೆ ಹೇಳಿದ್ದಕ್ಕೆ ಏನೂ ಹೇಳ್ಲಿಲ್ಲ ನೀವು."

ಸಿಟ್ಟಿನಲ್ಲಿ ಹೇಳಲಿಲ್ಲ. ಹೇಳಿ ಪುನಃ ಕುರ್ಚಿಗೆ ಕೈ ಹಾಕಿದರು.

ಹೌದು. ಆ ಮಾತನ್ನು ನಾನು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ. ನೀರು, ಕಾಗದ, ಚಕ್ಕುಲಿ ಎಲ್ಲ ಒಪ್ಪಿಕೊಳ್ಳುವಾಗ ಅದೊಂದನ್ನು ಬದಿಗೆ ಇಟ್ಟುಕೊಂಡಿದ್ದೆ. ಆ ಹಾಲ್‌ನಲ್ಲಿ ಅದನ್ನು ಯಾರೂ ತಪ್ಪೆಂದು ಎಣಿಸಿಯೂ ಇರಲಿಲ್ಲ, ಅದರ ಮಾತು ಎತ್ತಿಯೂ ಇರಲಿಲ್ಲ. ಅದೇ ನನಗೆ ಅನುಕೂಲವಾಗಿತ್ತು.

ಮಕ್ಕಳು ಒಳಗೆ ಬಂದರು. ನಾನು ಬಾಗಿಲ ಹತ್ತಿರ ನಿಂತಿದ್ದವಳು ಮುಂದೆ ಹೋದೆ. ಹೆಣದ ಗುಂಡಿಯಲ್ಲಿ ಕೂತು ತಿನ್ನುವುದು ಟೀಚರ್ ಜಾತಿಯವರಿಗೆ ನಡೆಯುತ್ತದೆ ಎಂದು ನಾನು ಅಂದೆ, ನೀವೆಲ್ಲ ಕೇಳಿದಿರಿ ಎಂದೆ. ಅದು ಸುಳ್ಳು, ಕೆಟ್ಟ ಮಾತು, ತಿಂದದ್ದು ನಾನು, ನೀವು ನಕ್ಕದ್ದಕ್ಕೆ ಸಿಟ್ಟು ಬಂದು ಅವರ ಮೇಲೆ ಹಾಕಿದೆ ಎಂದೆ. ತಪ್ಪಾಯಿತು ಟೀಚರ್ ಎಂದೆ. ಕೇಳಿದ್ದು ಒಂಬತ್ತು ಮಕ್ಕಳು. ಆ ದಿನ ಕೇಳಿದವರು ಹದಿನಾಲ್ಕು. ಉಳಿದ ಐದು ಮಕ್ಕಳು ನನ್ನ ಮೊದಲಿನ ಮಾತನ್ನೇ ಇಟ್ಟುಕೊಂಡು ದೊಡ್ಡವರಾಗುತ್ತಾರೆ. ಅವರ ಮನೆಗಳು ಎಲ್ಲಿ ಎಂದು ಆಮೇಲೆ ಹರೀಶನನ್ನು ಕೇಳಿದೆ. ಬಿಡಿ ಅತ್ತೆ ಎಂದ. ವೀಸಾ ಮುಗಿದು ನಾನು ಊರಿಗೆ ಬಂದೆ.

ಆ ಶುಕ್ರವಾರ ನನ್ನ ಮಾತು ಮುಗಿದಾಗ ಟೀಚರ್ "ಆಯ್ತು, ಕೂತುಕೊಳ್ಳಿ" ಎಂದರು. ನನಗೋ ಮಕ್ಕಳಿಗೋ ತಿಳಿಯಲಿಲ್ಲ. ಆಮೇಲೆ ಬೋರ್ಡಿಗೆ ತಿರುಗಿ ಒತ್ತಕ್ಷರದ ಪಾಠ ಸುರು ಮಾಡಿದರು. ಹರೀಶ ಕಾರು ತೆಗೆದುಕೊಂಡು ಹೋಗಿಬಿಟ್ಟಿದ್ದ. ಆ ಬಿಸಿಲಿನಲ್ಲಿ ರಸ್ತೆ ದಾಟಿ ಮನೆಗೆ ಒಬ್ಬಳೇ ಹೋಗಲು ನನಗೆ ಬರುತ್ತಿರಲಿಲ್ಲ. ಧನ್ಯಾಳ ಕ್ಲಾಸು ಮುಗಿಯುವವರೆಗೆ ಹಿಂದಿನ ಸಣ್ಣ ಕುರ್ಚಿಯೊಂದರಲ್ಲಿ ಕೂತಿದ್ದೆ. ಒಂದು ಗಂಟೆ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡದೆ ಇದ್ದದ್ದೇ ಒಳ್ಳೆಯದಾಯಿತು.